ಹುಲಕೋಟಿಯ ಬೆಂಚಿನ ಮುಚ್ಚಳ

ಬೆಟಗೇರಿಯ ಬಡಗಿ ಇಜಾಜ ಮಾಳವ್ವನ ಕಟ್ಟೆಯ ಮೇಲೆ ಬಂದು ಕುಳಿತಾಗ ನ್ಯಾಯ ಕೇಳಲು ಬಂದವನಂತೆ ಕಾಣಲಿಲ್ಲ. ಅವನು ಮಾಡಿಕೊಟ್ಟ ಬೆಂಚಿನ ಮುಚ್ಚಳ ಕಳಚಿ ಬಿದ್ದು ಹುಲಕೋಟಿಯ ಆರು ವರ್ಷದ ಶಾಂಭವಿಯ ಎರಡು ಬೆರಳು ಜಜ್ಜಿಹೋಗಿದ್ದವು. ಒಂದರ ತುದಿಯನ್ನು ವೈದ್ಯರು ತೆಗೆದುಹಾಕಿದ್ದರು. ಸುದ್ದಿ ಹಬ್ಬಿ, ಅಂಥದೇ ಬೆಂಚು ಮಾಡಲು ಹೇಳಿದ್ದ ನಾಲ್ಕು ಮನೆಯವರು ಈಗ ಬೇಡವೆಂದಿದ್ದರು. ಇದೆಲ್ಲ ಆಗಿ ಒಂಬತ್ತು ದಿನ. ಇಜಾಜ ಉಂಡಿದ್ದ, ಮಲಗಿದ್ದ, ಕೇಳಿದವರಿಗೆ ಉತ್ತರ ಕೊಟ್ಟಿದ್ದ. ಎಲ್ಲವೂ ಬೇರೆ ಯಾರಿಗೋ ಆಗುತ್ತಿದ್ದಂತಿತ್ತು.

“ನನ್ನ ತಪ್ಪೋ ಅಲ್ಲೋ, ಅಷ್ಟು ನೋಡಿ ಹೇಳ್ರಿ ಅಕ್ಕಾರ,” ಎಂದ. “ನನಗ ನೆನಪಿಲ್ಲ.”

ತಾಯಿ ಫಕೀರಬಿಯನ್ನು ಮಣ್ಣು ಮಾಡಿ ಬಂದ ವಾರವೇ ಅವನು ಆ ಬೆಂಚನ್ನು ಜೋಡಿಸಿದ್ದ. ಮಕ್ಕಳಿರುವ ಮನೆಯ ಅಂಗಳಕ್ಕೆಂದು ಅವನೇ ಯೋಚಿಸಿ ಮಾಡುತ್ತಿದ್ದ ಸಾಮಾನು ಅದು. ಬೆನ್ನಿನ ಹಲಗೆ ಮಡಚಿದರೆ ಬರೆಯುವ ಮೇಜು, ಕೂರುವ ಹಲಗೆಯೇ ಮುಚ್ಚಳ, ಎತ್ತಿದರೆ ಒಳಗೆ ಆಟಿಕೆಯ ಪೆಟ್ಟಿಗೆ. ಆ ವಾರ ಕೈ ಕೆಲಸ ಮಾಡಿತ್ತು, ಮನಸ್ಸು ಅಲ್ಲಿರಲಿಲ್ಲ.

ಮಾಳವ್ವ ಮೂವತ್ತು ವರ್ಷ ಗದಗಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ದುಡಿದವಳು. ಓಣಿಯಲ್ಲಿ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ ಜನ ಮೊದಲು ಅವಳ ಕಟ್ಟೆಗೇ ಬರುತ್ತಿದ್ದರು. ಅವಳು ಚಪ್ಪಲಿ ಮೆಟ್ಟಿಕೊಂಡಳು.

ಹುಲಕೋಟಿಯ ಮನೆಯಲ್ಲಿ ಹುಡುಗಿಯ ತಾಯಿ ಶಿವಲಕ್ಷ್ಮಿ ಮಾಳಿಗೆಯ ದಾರಿ ತೋರಿಸಿದಳು. ಬೆಂಚು ಈಗ ಅಲ್ಲಿತ್ತು. ಅದು ಬಂದ ದಿನವೇ ಇಬ್ಬರು ಆಳುಗಳಿಂದ ಇಡಿಯಾಗಿ ಮೇಲೆ ಹೊರಿಸಿದೆ, ಆಮೇಲೆ ಯಾರೂ ಅದಕ್ಕೆ ಕೈ ಹಚ್ಚಿಲ್ಲ ಎಂದು ಅವಳ ಗಂಡ ಹೊನ್ನೇಶ ಹೇಳಿದ. ಆಗ ಶಿವಲಕ್ಷ್ಮಿ ಮಗಳೊಂದಿಗೆ ಮುಂಡರಗಿಯ ತವರಿನಲ್ಲಿದ್ದಳಂತೆ.

ಮೆಟ್ಟಿಲಿನ ತಿರುವಿನಲ್ಲಿ ಮಾಳವ್ವ ನಿಂತು ಗೋಡೆಯಿಂದ ಗೋಡೆಗೆ ಗೇಣು ಹಾಕಿದಳು. ಮೇಲೆ, ಸುಮ್ಮನೆ ಇಟ್ಟಿದ್ದ ಮುಚ್ಚಳವನ್ನು ತುಸು ಸರಿಸಿ, ಜೋತುಬಿದ್ದ ಬಿಜಾಗರಿಯಿಂದ ಒಂದು ಸ್ಕ್ರೂ ಕಿತ್ತಳು. ಕಸಬರಿಗೆಯ ಕಡ್ಡಿಯನ್ನು ಅದರ ತೂತಿಗೆ ತೂರಿಸಿ, ಉಗುರಿನಿಂದ ಗುರುತು ಮಾಡಿ ನೋಡಿದಳು. ಅಂಗಳದ ಕಡೆಯ ಗೋಡೆಗೆ ಒತ್ತಿಕೊಂಡು ಹೋಗಿದ್ದ ಕರೆಂಟಿನ ತಂತಿಯನ್ನೂ ಕಿಟಕಿಗೆ ಹೊಡೆದಿದ್ದ ಹೊಸ ಸೊಳ್ಳೆ ಜಾಲರಿಯನ್ನೂ ನೋಡಿದಳು. ಇಜಾಜ ಅವಳ ಹಿಂದೆ ನಿಂತಿದ್ದ. ತನ್ನದೇ ಕೆಲಸದ ಕಡೆ ಅವನ ಕಣ್ಣು ಹೋಗಲಿಲ್ಲ.

ಎಲ್ಲರನ್ನೂ ಕೆಳಗೆ ಪಡಸಾಲೆಯಲ್ಲಿ ಕೂರಿಸಿ ಮಾಳವ್ವ ಸ್ಕ್ರೂವನ್ನು ಅಂಗೈಯಲ್ಲಿ ಹಿಡಿದಳು.

“ಇದು ಅರ್ಧ ಇಂಚಿಂದು. ತೂತು ಒಂದೂವರಿ ಇಂಚು ಆಳ ಐತಿ, ಅಗಲನೂ ಐತಿ. ಅಷ್ಟು ಕೊರದಾಂವ ಇಂಥಾ ಗಿಡ್ಡ ಸ್ಕ್ರೂ ಹಾಕೂದಿಲ್ಲ. ಯಾರೋ ಬಿಚ್ಚಿ ಮತ್ತ ಜೋಡಿಸ್ಯಾರ.”

ಬಿಚ್ಚಿದ್ದು ಯಾಕೆಂಬುದನ್ನೂ ಅವಳೇ ಹೇಳಿದಳು. ಬೆಂಚು ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ, ಎತ್ತರವೂ ಅಷ್ಟೇ. ಮೆಟ್ಟಿಲಿನ ತಿರುವು ಎರಡಡಿಯೂ ಇಲ್ಲ, ಆದ್ದರಿಂದ ಇಡಿಯಾಗಿ ಹೋಗುವ ಮಾತೇ ಇಲ್ಲ. ಹಗ್ಗ ಕಟ್ಟಿ ಅಂಗಳದಿಂದ ಎಳೆಯೋಣವೆಂದರೆ ತಂತಿ ಅಡ್ಡ. ಹಾಗಾದರೆ ಇಡಿಯಾಗಿ ಹೊರಿಸಿದೆ ಎಂದವರ ಮಾತು ಖರೆಯಲ್ಲ. ಇನ್ನು ಸ್ಕ್ರೂ. ಅದೇ ತಲೆಯ, ಅದೇ ಅಳತೆಯವು ಸೊಳ್ಳೆ ಜಾಲರಿಗೂ ಇವೆ.

ಜಾಲರಿ ಹೊಡೆದವರು ಯಾರೆಂದು ಅವಳು ಕೇಳುವ ಮೊದಲೇ ಶಿವಲಕ್ಷ್ಮಿ ಗಂಡನ ಕಡೆ ತಿರುಗಿದ್ದಳು.

ಹೊನ್ನೇಶ ನೆಲ ನೋಡುತ್ತ ಎಲ್ಲ ಹೇಳಿದ. ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಲು ಜಾಗ ಬೇಕಾಗಿತ್ತು. ಬೆಂಚನ್ನು ಬಿಚ್ಚಿ ಮೇಲೆ ಸಾಗಿಸುವಾಗ ಸ್ಕ್ರೂಗಳು ಕೈತಪ್ಪಿ ಮೋರಿಗೆ ಬಿದ್ದವು. ಜಾಲರಿಗೆ ತಂದು ಉಳಿದವನ್ನೇ ಹಾಕಿದ. ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವಾಗಲೇ ಅವನಿಗೆ ಗೊತ್ತಾಗಿತ್ತು. ಅಲ್ಲಿ ಯಾರೋ ಬಡಗಿಯನ್ನು ಬಯ್ದರು. ಅವನು ಸುಮ್ಮನಿದ್ದ.

“ನನ್ನ ಕೈಯಿಂದನ ಆಗೇತಿ ಅಂತ ಇಕಿ ಮುಂದ ಹೇಳಾಕ ಆಗಲಿಲ್ಲ,” ಎಂದ.

ಶಿವಲಕ್ಷ್ಮಿ ಬಯ್ಯಲಿಲ್ಲ, ಅಳಲಿಲ್ಲ. ಆ ನಾಲ್ಕು ಮನೆಗಳಿಗೆ ಇವತ್ತೇ ಹೋಗಿ ಇದನ್ನೇ ಹೇಳಬೇಕು ಎಂದಷ್ಟೇ ಹೇಳಿ ಒಳಗೆ ಹೋದಳು. ಹೊನ್ನೇಶ ತಲೆಯಾಡಿಸಿದ. ಈಗ ಮನಸ್ಸು ಹಗುರಾಗಬೇಕು ಎಂದು ಇಜಾಜ ಕಾದ. ಆಗಲಿಲ್ಲ.

ಬಾಗಿಲ ಬಳಿ ಶಾಂಭವಿ ನಿಂತಿದ್ದಳು, ಬಲಗೈಗೆ ಪಟ್ಟಿ.

“ಕಾಕಾ, ನನ್ನ ಗೊಂಬಿ ಅದರಾಗ ಅದಾವು. ಯಾರೂ ತಗೀವಲ್ರು.”

ಅವನು ಅವಳೊಂದಿಗೆ ಮಾಳಿಗೆಗೆ ಹೋಗಿ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅವಳು ಪೆಟ್ಟಿಗೆಯ ಅಂಚಿನಿಂದ ದೂರ ನಿಂತೇ ಇದ್ದಳು.

“ಬಿಡಬ್ಯಾಡ್ರಿ ಮತ್ತ.”

“ಬಿಡೂದಿಲ್ಲವ್ವ.”

ಅವಳು ಎಡಗೈಯನ್ನು ಒಳಗೆ ಚಾಚಿ ಒಂದು ಗೊಂಬೆ ತೆಗೆದಳು. ಮತ್ತೆ ಮುಚ್ಚಳವನ್ನು ನೋಡಿ, ಇನ್ನೊಂದು. ಎಲ್ಲವನ್ನೂ ಲಂಗದಲ್ಲಿ ಕಟ್ಟಿಕೊಂಡು ಅವಳು ಕೆಳಗಿಳಿದು ಹೋದಳು. ಬಸ್ಸಿನ ಹೊತ್ತಾಯಿತೆಂದು ಮಾಳವ್ವ ಎರಡು ಸಲ ಕೂಗಿದಳು. ಇಜಾಜ ಖಾಲಿ ಪೆಟ್ಟಿಗೆಯ ಮೇಲೆ ಆ ಹಲಗೆಯನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದ.