ಎಲ್ಲರ ಡಬ್ಬಿ

"ಕೈ ತೆಗಿ, ಸುಹಾಸ್! ನೀನೇನು ಹಾಕಿದೀಯ ಇದ್ರೊಳಗೆ?"

ಮಯೂರಿ ದೊಡ್ಡ ಸ್ಟೀಲ್ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು. ಸುಹಾಸ್ ಚಾಚಿದ ಕೈ ಹಾಗೇ ನಿಂತಿತು.

ಅದು ಐದನೇ ಕ್ಲಾಸಿನ 'ಎಲ್ಲರ ಡಬ್ಬಿ'. ಲಂಚ್ ಬೆಲ್ ಆದೊಡನೆ ಪ್ರತಿಯೊಬ್ಬರೂ ತಮ್ಮ ಟಿಫಿನ್ನಿಂದ ಒಂದು ತುಂಡು ಅದಕ್ಕೆ ಹಾಕಬೇಕು. ಪರಾಠಾ, ಇಡ್ಲಿ, ಏನಾದರೂ ಸರಿ. ಆಮೇಲೆ ಯಾರು ಬೇಕಾದರೂ ತಿನ್ನಬಹುದು, ಯಾಕೆ ಏನು ಎಂದು ಕೇಳುವಂತಿಲ್ಲ. ದೀಪಾವಳಿ ರಜೆ ಮುಗಿದ ಮೇಲೆ ಅಹಲ್ಯಾ ಟೀಚರ್ ಶುರು ಮಾಡಿದ್ದು. ಮಯೂರಿ ಅದರ ಮಾನಿಟರ್.

ಮೊದಮೊದಲು ಮುಚ್ಚಳ ಹಾಕಲೂ ಆಗುತ್ತಿರಲಿಲ್ಲ. ಜನವರಿ ಹೊತ್ತಿಗೆ ತಳ ಕಾಣತೊಡಗಿತು. "ಫ್ರೀ ಸಿಗುತ್ತಲ್ಲ, ನಾನ್ಯಾಕೆ ಹಾಕ್ಲಿ?" ಎಂದು ಅಮೂಲ್ಯ ತನ್ನ ಆಲೂ ಪರಾಠಾವನ್ನು ಬೆಂಚಿನ ಕೆಳಗೆ ಬಚ್ಚಿಟ್ಟುಕೊಂಡು ತಿಂದಳು. ಸುಹಾಸನಂತೂ ಒಂದು ದಿನವೂ ಹಾಕಿದವನಲ್ಲ. ಅವನ ಬ್ಯಾಗಿನಲ್ಲಿ ಟಿಫಿನ್ನೇ ಇರುತ್ತಿರಲಿಲ್ಲ.

ಹಿಂದಿನ ಸಂಜೆ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಯೂರಿಯ ಅಪ್ಪ ಸಂಬಳದ ಚೀಟಿ ಹಿಡಿದು ಗೊಣಗಿದ್ದರು. "ಕೈಗೆ ಬರೋ ಮುಂಚೆನೇ ಟ್ಯಾಕ್ಸ್ ಕಟ್! ದುಡಿಯೋರು ನಾವು, ತಿನ್ನೋರು ಇನ್ಯಾರೋ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು." ಗೊಣಗಿ ಮುಗಿಸಿ ಅಪ್ಪ ಕ್ರಿಕೆಟ್ ನೋಡುತ್ತ ಎಲ್ಲ ಮರೆತರು. ಮಯೂರಿ ಮರೆಯಲಿಲ್ಲ.

"ನ್ಯೂ ರೂಲ್," ಎಂದಳು ಈಗ. "ಹಾಕದವರು ಡಬ್ಬಿ ಮುಟ್ಟಲೇಬಾರದು."

"ಅಚ್ಛಾ," ಎಂದ ಸುಹಾಸ್. "ಮುಟ್ಟಲ್ಲ."

ಅವತ್ತು ಶುಕ್ರವಾರ. ರೂಲಿಗೆ ಹೆದರಿ ಅಮೂಲ್ಯ ಇಡೀ ಪರಾಠಾ ಹಾಕಿದಳು. ಡಬ್ಬಿ ತುಂಬಿತು. ಮಯೂರಿಗೆ ಎರಡು ಕೊಂಬು ಮೂಡಿತು.

ಸೋಮವಾರ ಮುಚ್ಚಳ ತೆಗೆದರೆ ಗಬ್ಬುವಾಸನೆ! ಶುಕ್ರವಾರದ ಚಟ್ನಿ ಹಾಗೇ ಅಂಟಿಕೊಂಡಿತ್ತು.

ಮಯೂರಿ ಸ್ಕೂಲು ಗುಡಿಸುವ ಆಯಾಜಿಯ ಬಳಿ ಓಡಿದಳು. "ಡಬ್ಬಿ ಯಾಕೆ ತೊಳೆದಿಲ್ಲ, ಆಯಾಜಿ?"

"ನಾನ್ಯಾವಾಗ ತೊಳೀತಿದ್ದೆ, ಬೇಟಾ? ನಿಮ್ಮ ಕ್ಲಾಸಿನ ಸುಹಾಸ್ ಅಲ್ವಾ, ದಿನಾ ನಲ್ಲಿ ಹತ್ರ ತೊಳೆದಿಡ್ತಿದ್ದಿದ್ದು?"

ಮಯೂರಿಗೆ ಈಗ ನೆನಪಾಯಿತು. ಲಂಚ್ ಮುಗಿದ ಮೇಲೆ ಸುಹಾಸ್ ದಿನಾ ಲೇಟು. ಸ್ವೆಟರಿನ ತೋಳು ಒದ್ದೆ ಮಾಡಿಕೊಂಡು ಬಾಗಿಲಲ್ಲಿ ನಿಂತು ಗಣಿತದ ಚಿದಂಬರ ಸರ್ ಹತ್ತಿರ ಬೈಸಿಕೊಳ್ಳುತ್ತಿದ್ದ. ಕ್ಲಾಸೆಲ್ಲ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಸುಹಾಸ್ ಮೈದಾನದ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ.

"ಸಾರಿ, ಸುಹಾಸ್. ತೊಳೀತಿದ್ದೀನಿ ಅಂತ ಯಾಕೆ ಹೇಳ್ಲಿಲ್ಲ?"

"ಯಾಕೆ ಏನು ಅಂತ ಕೇಳೋ ಹಾಗಿರ್ಲಿಲ್ವಲ್ಲ. ಹೇಳೋದೇ ಬೇಕಿರ್ಲಿಲ್ಲ."

"ನನ್ನ ನ್ಯೂ ರೂಲ್ ಕ್ಯಾನ್ಸಲ್. ಬಾ, ನನ್ನ ಇಡ್ಲಿ ತಿನ್ನು, ಪ್ಲೀಸ್."

"ಹಸಿವಿಲ್ಲ," ಎಂದ. ಬಿರುಕುಬಿಟ್ಟ ಕೈಗಳನ್ನು ಜೇಬಿಗೆ ಸೇರಿಸಿದ.

ಮಯೂರಿ ಡಬ್ಬಿ ಹಿಡಿದು ನಲ್ಲಿಯ ಬಳಿ ಹೋದಳು. ಚಳಿಗೆ ಕೊರೆಯುವ ನೀರು ಮುಟ್ಟಿದೊಡನೆ ಬೆರಳು ಮರಗಟ್ಟಿತು. ಚಟ್ನಿ ಒಂದೇ ಸಲಕ್ಕೆ ಹೋಗಲಿಲ್ಲ. ಉಜ್ಜುತ್ತಿದ್ದಂತೆ ಬೆಲ್ ಹೊಡೆಯಿತು.

ಅವಳು ಬಾಗಿಲಿಗೆ ಬಂದಾಗ ಪಾಠ ಶುರುವಾಗಿತ್ತು. ಸುಹಾಸ್ ಅವತ್ತು ಸರಿಯಾದ ಟೈಮಿಗೆ ತನ್ನ ಜಾಗದಲ್ಲಿದ್ದ. ತಲೆ ಎತ್ತಲಿಲ್ಲ.

"ಯಾಕೆ ಲೇಟು, ಮಯೂರಿ?" ಎಂದರು ಸರ್.

ಉತ್ತರ ನಾಲಿಗೆಯ ತುದಿಯವರೆಗೆ ಬಂತು. ಅವಳು ಅದನ್ನು ನುಂಗಿಕೊಂಡು, ಒದ್ದೆ ತೋಳು ಕೆಳಗಿಳಿಸಿ, ಸುಮ್ಮನೆ ನಿಂತಳು.