ಡಿ ಡ್ರೈವ್ ಸಿಕ್ಕಿದ ಮಂಗಳವಾರ

ನೆವೆಂಕಾ ಬಾಗಿಲು ತೆರೆದಾಗ ಗಾಳಿಯೇ ಎಲಾದಿಯೊನನ್ನು ಒಳಕ್ಕೆ ತಳ್ಳಿತು. ಅವನ ಟೋಪಿ ಹಾರಿ ಸೌದೆ ಒಲೆಯ ಪಕ್ಕಕ್ಕೆ ಬಿತ್ತು.

"ನೀವೇನಾ ಕಂಪ್ಯೂಟರ್ ಮಾಯೆಸ್ತ್ರೊ?" ಟೋಪಿ ಎತ್ತಿಕೊಡುತ್ತ ಕೇಳಿದಳು. ಕೈಕೆಲಸದವರನ್ನೆಲ್ಲ ಪುಂತಾ ಅರೇನಸ್ ಊರಿನಲ್ಲಿ ಹಾಗೇ ಕರೆಯುತ್ತಾರೆ. "ಯಾರೋ ಹುಡುಗ ಬರ್ತಾನೆ ಅಂದ್ಕೊಂಡಿದ್ದೆ."

"ಹುಡುಗನೇ ಹೊರಟಿದ್ದು ಸೆನ್ಯೋರಾ. ದಾರೀಲಿ ಈ ಗಾಳಿಗೆ ಸಿಕ್ಕಿ ನಲವತ್ನಾಲ್ಕು ವರ್ಷ ಆಗೋಯ್ತು."

ಅವಳು ನಕ್ಕಳು. ಮರುಕ್ಷಣವೇ, ನಗಬಾರದೆಂದು ಯಾರೋ ನೆನಪಿಸಿದಂತೆ ತುಟಿ ಮುಚ್ಚಿಕೊಂಡಳು.

ಶಿಶುವಿಹಾರದ ಟೀಚರ್ ಅವಳು. ಗಂಡ ಬಿಟ್ಟುಹೋಗಿ ಎಂಟು ವರ್ಷ. ತಾಯಿ ದೋಮಿತಿಲಾ ಹೃದಯದ ತೊಂದರೆಯಿಂದ ಹತ್ತು ದಿನವಾಗಿ ಆಸ್ಪತ್ರೆಯಲ್ಲಿದ್ದರು. ಬೆಳಿಗ್ಗೆ ಮಕ್ಕಳು, ಸಂಜೆ ಆಸ್ಪತ್ರೆ. ನಡುವಿನ ಮಧ್ಯಾಹ್ನದಲ್ಲಿ ಈ ಹಳೆಯ ಕಂಪ್ಯೂಟರ್.

"ಸಿ ಡ್ರೈವ್ ತುಂಬಿ ಕೆಂಪಗಾಗಿತ್ತು. ಡಿಯಿಂದ ಸ್ವಲ್ಪ ಜಾಗ ತೆಗೆದು ಅದಕ್ಕೆ ಸೇರಿಸೋಣ ಅಂತ ಇಂಟರ್ನೆಟ್ಟಿಂದ ಒಂದು ಪ್ರೋಗ್ರಾಮ್ ಇಳಿಸ್ಕೊಂಡೆ. ಶುರು ಮಾಡಿ ಎರಡು ನಿಮಿಷ ಆಗಿರಲಿಲ್ಲ, ಕರೆಂಟ್ ಹೋಯ್ತು. ಈಗ ಡಿ ಒತ್ತಿದ್ರೆ ತೆರೆಯಲ್ಲ, ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳುತ್ತೆ."

"ಏನಂದ್ರಿ?"

"ಬೇಡ ಅಂದೆ. ಮೂರು ಸಲ."

"ಆ ಒಂದು ಮಾತಿಂದ ಎಲ್ಲ ಉಳ್ಕೊಂಡಿರಬಹುದು. ಏನಿತ್ತು ಅದರಲ್ಲಿ?"

"ನಮ್ಮಪ್ಪನ ದನಿ."

ತೀರಿಹೋಗಿದ್ದ ಅವಳ ತಂದೆ ಫ್ಲೊರೆನ್ಸಿಯೊ ರೇಡಿಯೋದಲ್ಲಿ ಸಂದೇಶ ಓದುತ್ತಿದ್ದವರು. ಫೋನಿಲ್ಲದ ಕುರಿ ಎಸ್ಟೇಟುಗಳಿಗೆ ಊರಿನವರು ಬರೆದುಕೊಟ್ಟ ಸುದ್ದಿಯನ್ನು ದಿನಕ್ಕೆರಡು ಸಲ ಓದುವ ಕೆಲಸ: ಇಂಥವರಿಗೆ ಗಂಡು ಮಗು, ಇಂಥವರ ಅಜ್ಜಿ ತೀರಿಕೊಂಡರು, ಔಷಧಿ ಲಾರಿಯಲ್ಲಿ ಬರುತ್ತಿದೆ. ಒಂದು ದಿನ ಆ ಸಾಲಿನಲ್ಲಿ ತನ್ನದೂ ಒಂದನ್ನು ಸೇರಿಸಿ, ದೂರದ ಎಸ್ಟೇಟಿನಲ್ಲಿ ಅಡುಗೆ ಮಾಡುತ್ತಿದ್ದ ದೋಮಿತಿಲಾಳಿಗೆ ಮದುವೆಯ ಮಾತು ಕೇಳಿಬಿಟ್ಟರು. ಸ್ಟೇಷನ್ನಿನ ಗೆಳೆಯನೊಬ್ಬ ಅದನ್ನು ಕ್ಯಾಸೆಟ್ ಮಾಡಿಕೊಟ್ಟಿದ್ದ. ಕ್ಯಾಸೆಟ್ ಈಗ ಇಲ್ಲ. ಅದರಿಂದ ಇಳಿಸಿಕೊಂಡಿದ್ದ ಫೈಲು ಡಿ ಡ್ರೈವಿನಲ್ಲಿತ್ತು.

"ಅಮ್ಮ ಅದನ್ನ ಕೇಳ್ಬೇಕಂತಾರೆ. ಭಾನುವಾರ ಮನೆಗೆ ಕಳಿಸ್ತೀವಿ ಅಂದಿದ್ದಾರೆ ಡಾಕ್ಟ್ರು. ಅಷ್ಟರೊಳಗೆ ಆಗುತ್ತಾ?"

"ನೋಡ್ತೀನಿ. ಅಸಲು ಡಿಸ್ಕ್ ಮುಟ್ಟೋದಿಲ್ಲ. ಮೊದಲು ಪೂರ್ತಿ ನಕಲು ತೆಗೀತೀನಿ, ಏನೇ ಮಾಡಿದ್ರೂ ಆ ನಕಲಿನ ಮೇಲೆ."

ನಕಲಾಗಲು ಮೂರು ಗಂಟೆ ಬೇಕಾಯಿತು. ಅವಳು ಚಹಾ ಇಟ್ಟಳು. ಬ್ರೆಡ್ಡಿಗೆ ಹುಳಿ ಹುಳಿಯಾದ ರೂಬಾರ್ಬ್ ದಂಟಿನ ಜಾಮ್ ಸವರಿ ತಟ್ಟೆಯನ್ನು ಅವನ ಕಡೆ ಸರಿಸಿದಳು. ಅವನು ಸ್ಕ್ರೀನ್ ನೋಡುತ್ತಿರುವಂತೆ ನಟಿಸುತ್ತ, ಕಪ್ಪಿನ ಅಂಚಿನ ಮೇಲಿನಿಂದ ತನ್ನನ್ನೇ ಅಳೆಯುತ್ತಿದ್ದ ಅವಳ ಕಣ್ಣುಗಳನ್ನು ನೋಡಿದ. ಸಿಕ್ಕಿಬಿದ್ದೆನೆಂದು ಗೊತ್ತಾದ ಮೇಲೂ ಅವಳು ಕಣ್ಣು ತೆಗೆಯಲಿಲ್ಲ. ಒಂದು ಹುಬ್ಬನ್ನಷ್ಟೇ ಏರಿಸಿದಳು.

"ಸಕ್ಕರೆ ಸಾಕಾ?"

ಅವನು ತಲೆಯಾಡಿಸಿದ. ಹಾಗೆಂದು ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತು!

ಆ ಸಂಜೆ ತನ್ನ ಕೋಣೆಯಲ್ಲಿ ಕೂತು ನಕಲನ್ನು ತೆರೆದ. ಒಂದು ಗಂಟೆಯೂ ಹಿಡಿಯಲಿಲ್ಲ. ಡಿ ಎಲ್ಲಿಂದ ಶುರುವಾಗುತ್ತದೆ ಎಂಬ ಗುರುತನ್ನು ಆ ಪ್ರೋಗ್ರಾಮ್ ಮೊದಲೇ ಬದಲಿಸಿಬಿಟ್ಟಿತ್ತು; ಒಳಗಿನದನ್ನು ಸರಿಸುವಷ್ಟರಲ್ಲಿ ಕರೆಂಟ್ ಹೋಗಿತ್ತು. ಹಳೆಯ ಗುರುತನ್ನು ಹುಡುಕಿ ಕೂರಿಸಿದ್ದೇ ತಡ, ಫೋಲ್ಡರುಗಳೆಲ್ಲ ಸಾಲಾಗಿ ಬಂದು ನಿಂತವು. ಪರೀಕ್ಷೆಗೆಂದು ಒಂದು ಫೈಲ್ ಒತ್ತಿದ. ಗರಗರ ಸದ್ದಿನ ನಡುವೆ ಗಂಭೀರವಾದ ಗಂಡು ದನಿಯೊಂದು ಕುರಿ ಉಣ್ಣೆಯ ಲಾರಿಯ ಸುದ್ದಿ ಓದಿತು. ಆಮೇಲೆ ಸ್ವಲ್ಪ ತಡವರಿಸಿ, "ದೋಮಿತಿಲಾ, ಶನಿವಾರದ ಬಸ್ಸಿಗೆ ಬನ್ನಿ. ನಾನು ಕಾಯ್ತಿರ್ತೀನಿ. ಬಂದ್ರೆ ವಾಪಸ್ ಕಳಿಸೋದಿಲ್ಲ," ಎಂದಿತು.

ಎಲಾದಿಯೊ ಫೋನ್ ಎತ್ತಿಕೊಂಡ. ನಂಬರು ಅರ್ಧ ಒತ್ತಿ ಕೆಳಗಿಟ್ಟ. ಸಿಕ್ಕಿತು ಎಂದರೆ ನಾಳೆ ಒಂದೇ ದಿನ ಆ ಮನೆಗೆ ಹೋಗುವುದು. ಭಾನುವಾರ ಇನ್ನೂ ದೂರವಿದೆಯಲ್ಲ.

ಬುಧವಾರ ಬಾಗಿಲಲ್ಲೇ ಕೇಳಿದಳು. "ಸಿಕ್ತಾ?"

"ಹುಡುಕ್ತಾ ಇದೆ." ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಗುರುವಾರವೂ ಹೋದ. ನಕಲು ಇದ್ದ ತನ್ನ ಡಿಸ್ಕನ್ನು ಅವಳ ಕಂಪ್ಯೂಟರಿಗೆ ಸಿಕ್ಕಿಸಿ ಸುಮ್ಮನೆ ಏನೇನೋ ಓಡಿಸುತ್ತ ಕೂತ.

"ನೀವು ಹುಡುಕ್ತಿರೋದು ಡಿಸ್ಕಲ್ಲೋ, ನನ್ನ ಜಾಮ್ ಬಾಟ್ಲಲ್ಲೋ?"

"ಎರಡರಲ್ಲೂ. ಬಾಟ್ಲು ಬೇಗ ಖಾಲಿಯಾಗ್ತಿದೆ."

"ನಾಚಿಕೆ ಇಲ್ಲದ ಮಾಯೆಸ್ತ್ರೊ," ಎಂದು ಅವಳು ಬಾಟಲಿಯನ್ನೇ ಅವನ ಮುಂದಿಟ್ಟಳು. ಇಡುವಾಗ ಅವಳ ಮುಂಗೈ ಅವನ ಮುಂಗೈಗೆ ತಾಗಿ, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಿತು. ಅವಳು ಸೌದೆ ತರಲು ಹಿತ್ತಲಿಗೆ ಹೋದಾಗ ಅವನು ನಕಲಿನ ಡಿಯನ್ನು ಒಮ್ಮೆ ತೆರೆದು ನೋಡಿದ. ಫೋಲ್ಡರುಗಳೆಲ್ಲ ಇದ್ದವು. ಹೆಜ್ಜೆ ಸದ್ದಿಗೆ ಮುಚ್ಚಿದ.

ಶುಕ್ರವಾರ ಇಬ್ಬರೂ ಕಡಿಮೆ ಮಾತಾಡಿದರು, ಹೆಚ್ಚು ಹೊತ್ತು ಕೂತರು. ಹೊರಡುವಾಗ, "ನಾಳೆ ಖಂಡಿತ ಸಿಗುತ್ತೆ," ಎಂದ. ನಾಳೆ ಎಲ್ಲವನ್ನೂ ಹೇಳಿಬಿಡುವುದೆಂದು ನಿರ್ಧರಿಸಿದ್ದ.

ಶನಿವಾರ ಬೆಳಗಿನ ಆರೂವರೆಗೆ ದೋಮಿತಿಲಾ ತೀರಿಕೊಂಡರು.

ಅಂತ್ಯಕ್ರಿಯೆಯಲ್ಲಿ ಎಲಾದಿಯೊ ಕೊನೆಯ ಸಾಲಿನಲ್ಲಿ ನಿಂತಿದ್ದ. ಶವಪೆಟ್ಟಿಗೆಯ ಮುಂದೆ ನಿಂತ ನೆವೆಂಕಾ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಎರಡು ದಿನ ಅವನಿಗೆ ಅನ್ನ ನೀರು ಸೇರಲಿಲ್ಲ. ಮೂರನೆಯ ದಿನ ಡಿಸ್ಕನ್ನು ಎದೆಗವಚಿಕೊಂಡು ಹೋದ.

ಅವಳು ಕಪ್ಪು ಸ್ವೆಟರಿನಲ್ಲಿ ಒಲೆಯ ಮುಂದೆ ಕೂತಿದ್ದಳು. ಅವನು ಕೂರಲಿಲ್ಲ.

"ಹೋದ ಮಂಗಳವಾರವೇ ಸಿಕ್ಕಿತ್ತು, ನೆವೆಂಕಾ." ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ಅವತ್ತು ಸಂಜೆನೇ. ಇಲ್ಲಿಗೆ ಬರೋಕೆ ನೆಪ ಬೇಕಿತ್ತು. ಸುಳ್ಳು ಹೇಳ್ದೆ. ನಿಮ್ಮಮ್ಮ ಕೇಳ್ಬಹುದಿತ್ತು... ನನ್ನಿಂದಾಗಿ ಕೇಳೋಕೆ ಆಗಲಿಲ್ಲ."

ಒಲೆಯೊಳಗೆ ಕೊರಡೊಂದು ಕುಸಿಯಿತು.

"ಗೊತ್ತು," ಎಂದಳು.

"ಏನು ಗೊತ್ತು?"

"ಗುರುವಾರ ಸೌದೆ ಎತ್ಕೊಂಡು ಬರೋವಾಗ ಕಿಟಕಿಯಿಂದ ಸ್ಕ್ರೀನ್ ಕಾಣ್ತು. ಅಪ್ಪನ ಹೆಸರಿನ ಫೋಲ್ಡರ್ ಅಲ್ಲೇ ಇತ್ತು. ಒಳಗೆ ಬಂದು ಕೇಳ್ಬಹುದಿತ್ತು. ಕೇಳಿದ್ರೆ ಶುಕ್ರವಾರ ನೀವು ಬರ್ತಿರಲಿಲ್ಲ. ಭಾನುವಾರ ಅಮ್ಮ ಹೇಗೂ ಮನೆಗೆ ಬರ್ತಾರಲ್ಲ ಅಂದ್ಕೊಂಡೆ. ಆ ಗುರುವಾರ ಸಂಜೆ ಆಸ್ಪತ್ರೇಲಿ ಅಮ್ಮ, 'ಸಿಕ್ತಾ' ಅಂತ ಕೇಳಿದ್ರು. ಇನ್ನೂ ಇಲ್ಲಮ್ಮ ಅಂದೆ. ನನ್ನ ಬಾಯಲ್ಲೇ ಅಂದೆ."

ಅವನು ಮಂಡಿಯೂರಿ ಅವಳೆದುರು ಕೂತ. "ಸುಳ್ಳು ಶುರು ಮಾಡಿದ್ದು ನಾನು. ತಪ್ಪೆಲ್ಲ ನಂದು."

"ನಿಮ್ಮೊಬ್ಬರದೇ ಆಗಿದ್ರೆ ಬೈದು ಓಡಿಸಿ, ಒಂದು ತಿಂಗಳಿಗೆ ಕ್ಷಮಿಸಿಬಿಡ್ತಿದ್ದೆ."

"ನಂಗೆ ನೀವು ಬೇಕಾಗಿದ್ರಿ. ಈಗಲೂ ಬೇಕು."

"ನಂಗೂ." ಅವಳು ಅಳುತ್ತಿದ್ದಳು, ದನಿ ಮಾತ್ರ ಸಮವಾಗಿತ್ತು. "ಆದ್ರೆ ನೀವು ಆ ಕುರ್ಚಿಲಿ ಕೂತಾಗೆಲ್ಲ ಅಮ್ಮ 'ಸಿಕ್ತಾ' ಅಂದಿದ್ದೇ ಕೇಳ್ಸುತ್ತೆ. ನಿಮಗೂ ಕೇಳ್ಸುತ್ತೆ. ಇಬ್ರೂ ಬಾಯಿ ಬಿಡದೆ ಚಹಾ ಕುಡೀತಾ ಕೂತಿರ್ತೀವಿ. ಅದು ಬೇಡ."

ಅವನು ಎದ್ದು ಕಂಪ್ಯೂಟರಿನ ಮುಂದೆ ಕೂತು, ಅಸಲು ಡಿಸ್ಕನ್ನು ಸರಿಮಾಡಿದ. ಡಿ ತೆರೆದುಕೊಂಡಿತು. ಅವಳು ಅದನ್ನು ದೂರದಿಂದಲೇ ನೋಡಿದಳು. ಫೈಲನ್ನು ಒತ್ತಿ ಎನ್ನಲಿಲ್ಲ.

"ನನ್ನ ಹತ್ರ ಇರೋ ನಕಲು ಇಲ್ಲೇ ಬಿಡ್ತೀನಿ. ಬೇರೆ ಮನೇಲಿ ಇಡಿ, ಯಾರಾದ್ರೂ ನಂಬಿಕಸ್ಥರ ಹತ್ರ."

"ಹೂಂ."

ಅವನು ಕೋಟು ತೊಟ್ಟ. ಅವಳು ಎದ್ದು ಬಂದು ಅದರ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿದಳು. ಕೊನೆಯ ಗುಂಡಿ ಹಾಕಿದ ಮೇಲೆ ಎರಡೂ ಅಂಗೈಗಳಲ್ಲಿ ಅವನ ಮುಖ ಹಿಡಿದು ಹಣೆಗೆ ಹಣೆ ತಾಗಿಸಿ ನಿಂತಳು. ಇಬ್ಬರ ಉಸಿರೂ ಬಿಸಿಯಾಗಿತ್ತು.

"ಬೆಚ್ಚಗೆ ಇರಿ, ಎಲಾದಿಯೊ," ಎಂದಳು.

ಆ ಊರಿನಲ್ಲಿ ಬೀಳ್ಕೊಡುವಾಗ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ಅವಳಿಗೆ ಅದನ್ನು ಹೇಳಿ ಮುಗಿಸಲು ತುಂಬ ಹೊತ್ತು ಹಿಡಿಯಿತು.