ಮೂರನೇ ಸಲ ಹೇಳಿ

ಶ್ರದ್ಧಾಂಜಲಿ ಸಭೆಯ ಬ್ಯಾನರಿನಲ್ಲಿ ಚಿಕ್ಕಮ್ಮ ಸಿನಿಮಾ ನಟಿಯಂತೆ ಹೊಳೆಯುತ್ತಿದ್ದಳು. ಎಡಗೆನ್ನೆಯ ಸುಟ್ಟ ಕಲೆ ಮಾಯವಾಗಿತ್ತು.

ಲಾಂಡ್ರಿಯ ಬಿಸಿ ಹಬೆ ಬಡಿದು ಆದ ಕಲೆ ಅದು. ಗಂಡ ಬಿಟ್ಟುಹೋದ ಮೇಲೆ ಊರಿನವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿ, ತಾಯಿಯಿಲ್ಲದ ನನ್ನನ್ನು ಸಾಕಿ, ಅದೇ ಇಸ್ತ್ರಿ ಮೇಜಿನ ಮೇಲೆ ಕಥೆ ಬರೆದವಳು ಚಿಕ್ಕಮ್ಮ. ಆ ಕೆನ್ನೆಯನ್ನು ಅವಳು ಯಾವತ್ತೂ ಸೆರಗಿನಲ್ಲಿ ಮುಚ್ಚಲಿಲ್ಲ.

ಬರೆದ ಪ್ರತಿ ಸಾಲನ್ನೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮೂರು ಸಲ ಹೇಳುತ್ತಿದ್ದಳು. ಮೂರನೇ ಸಲ ತನ್ನ ಕಣ್ಣು ತಗ್ಗಿದರೆ ಆ ಸಾಲು ಸುಳ್ಳು. ಆಮೇಲೆ ಅದರ ಮೇಲೆ ಒಂದೇ ಗೀಟು.

ಈಗ ವೇದಿಕೆಯಲ್ಲಿ ವಿಮರ್ಶಕರೊಬ್ಬರು ಕರ್ಚೀಫು ಒದ್ದೆ ಮಾಡಿಕೊಳ್ಳುತ್ತಿದ್ದರು. ಅವಳ ಮೊದಲ ಕಥೆಗೆ ‘ಸೋಪಿನ ವಾಸನೆ’ ಎಂದು ಮೂಗು ಮುರಿದಿದ್ದ ಮಹಾನುಭಾವರು ಇವರೇ. “ನನ್ನ ಒಡಹುಟ್ಟಿದ ತಂಗಿಯಂತಿದ್ದಳು” ಎಂದು ಬಿಕ್ಕಿದರು. ಅಳುವಿಗೂ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದರೇನೋ, ಒಂದು ಸುಕ್ಕಿರಲಿಲ್ಲ. ಸಾಹಿತ್ಯ ಸಂಘದ ಅಧ್ಯಕ್ಷರಂತೂ ಕ್ಯಾಮೆರಾ ತಮ್ಮತ್ತ ತಿರುಗಿದಾಗ ಮಾತ್ರ ದುಃಖಪಡುತ್ತಿದ್ದರು.

ಆ ಕ್ಯಾಮೆರಾ ಹಿಡಿದವನ ಮೇಲೆ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಬ್ಯಾನರಿನ ಫೋಟೋ ತೆಗೆದವನು ಅವನೇ. ಅದನ್ನು ತೆಗೆಯಲು ಮನೆಗೆ ಬಂದ ದಿನ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನನ್ನನ್ನೇ ನೋಡಿ ನಕ್ಕಿದ್ದ. “ಈ ಒಕ್ಕಣ್ಣ ಫೋಟೋ ತೆಗೆಯೋಕೆ ಬಂದಿದಾನೋ, ಹುಡುಗಿ ನೋಡೋಕೆ ಬಂದಿದಾನೋ?” ಎಂದು ಚಿಕ್ಕಮ್ಮ ಅವನೆದುರೇ ಕೇಳಿದ್ದಳು. ಅಂದಿನಿಂದ ನನಗೆ ಕನ್ನಡಿಯ ಮುಂದೆ ಕೆಲಸ ಜಾಸ್ತಿಯಾಗಿತ್ತು.

ಅವನನ್ನು ಕಾರಿಡಾರಿಗೆ ಕರೆದೆ.

“ಕೆನ್ನೆ ಚೆನ್ನಾಗಿ ಒರೆಸಿದೀರಿ. ಎಷ್ಟು ಸೋಪು ಖರ್ಚಾಯ್ತು?”

“ನಾನಲ್ಲ ರೀ. ನಾನು ಇದ್ದಹಾಗೇ ಕೊಟ್ಟೆ. ಅಧ್ಯಕ್ಷರು ಬೇರೆ ಕಡೆ ತಿದ್ದಿಸಿದಾರೆ.”

“ಓಹೋ! ನೀವು ಪಾಪದ ಕೂಸು.”

“ಬೆಳಿಗ್ಗೆ ಬಂದಾಗಲೇ ನಾನೂ ನೋಡಿದ್ದು. ಅದಕ್ಕೇ ಮನೆಗೆ ಓಡಿಹೋಗಿ...”

“ಕಥೆ ಬೇಡ. ನಿಮ್ಮನ್ನ ಕಂಡ್ರೆ ನನಗಾಗಲ್ಲ.”

“ಏನಂದ್ರಿ?”

“ನಿಮ್ಮನ್ನ ಕಂಡ್ರೆ ನನಗಾಗಲ್ಲ!”

ಅವನು ಬಾಗಿಲ ಹಿಂದಿನಿಂದ ಬಟ್ಟೆ ಸುತ್ತಿದ ದೊಡ್ಡ ಚೌಕಟ್ಟೊಂದನ್ನು ಎತ್ತಿಕೊಂಡು ನೇರ ವೇದಿಕೆ ಹತ್ತಿದ. ವಿಮರ್ಶಕರ ಬಿಕ್ಕು ಅರ್ಧಕ್ಕೇ ನಿಂತಿತು. ಬಟ್ಟೆ ಸರಿಸಿ, ಚೌಕಟ್ಟನ್ನು ಬ್ಯಾನರಿನ ಮುಂದೆ ನಿಲ್ಲಿಸಿದ. ಕಲೆಯೊಂದಿಗೆ, ಅರ್ಧ ನಗುವಿನೊಂದಿಗೆ, ನನ್ನ ಚಿಕ್ಕಮ್ಮ.

“ಏನಯ್ಯಾ ಇದು? ಇನ್ಮೇಲೆ ಸಂಘದ ಕೆಲಸಕ್ಕೆ ನೀನು ಬರಬೇಡ!” ಅಧ್ಯಕ್ಷರು ಹಲ್ಲು ಕಡಿದರು. ಮೈಕು ಆನ್ ಇದ್ದದ್ದು ಅವರಿಗೆ ನೆನಪಿರಲಿಲ್ಲ.

“ಆಗಲಿ ಸಾರ್” ಎಂದ.

ಕೊನೆಯ ಸಾಲಿನಲ್ಲಿ ಲಾಂಡ್ರಿಯ ಹೆಂಗಸರು ಕೂತಿದ್ದರು. ಚಿಕ್ಕಮ್ಮನನ್ನು ಓದಿ ಕವಿತೆ ಬರೆಯಲು ಹೊರಟ ಹುಡುಗಿಯೊಬ್ಬಳು ಅವರಲ್ಲಿದ್ದಳು. ಸದಾ ದುಪಟ್ಟಾದೊಳಗೆ ಬಚ್ಚಿಡುತ್ತಿದ್ದ ಸುಟ್ಟ ಕೈಯನ್ನು ಹೊರತೆಗೆದು ಅವಳೇ ಮೊದಲು ಚಪ್ಪಾಳೆ ಹೊಡೆದಳು. ನನಗೆ ಅಳು ಒತ್ತರಿಸಿ ಬಂತು.

ಅವನು ಕಾರಿಡಾರಿಗೆ ವಾಪಸ್ ಬಂದು ನನ್ನೆದುರು ನಿಂತ.

“ನಿಮ್ಮ ಚಿಕ್ಕಮ್ಮ ಸಾಲುಗಳನ್ನ ಹೇಗೆ ಪರೀಕ್ಷೆ ಮಾಡ್ತಿದ್ರು ಅಂತ ಆವತ್ತು ಮನೆಗೆ ಬಂದಾಗ ನೋಡಿದೀನಿ. ನೀವು ಎರಡು ಸಲ ಹೇಳಿದ್ರಿ. ಮೂರನೇ ಸಲ ಹೇಳಿ.”

“ಹೇಳೋಕೇನು ಭಯವಾ ನನಗೆ?” ಎಂದೆ. ಗದ್ದ ಎತ್ತಿದೆ. ಅವನು ಈ ಸಲ ಎರಡೂ ಕಣ್ಣು ತೆರೆದು ನೋಡುತ್ತಿದ್ದ.

“ನಿಮ್ಮನ್ನ ಕಂಡ್ರೆ ನನಗೆ...”

ನನ್ನ ಕಣ್ಣು ಅವನ ಶರ್ಟಿನ ಗುಂಡಿಗೆ ಇಳಿದುಹೋಯಿತು.

ಅವನು ಜೇಬಿನಿಂದ ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ನನ್ನ ಕೈಗೆ ಕೊಟ್ಟ.

“ಒಂದು ಗೀಟು ಎಳೆದುಬಿಡಿ” ಎಂದ.